ಎರಡು ನಿಲ್ದಾಣಕ್ಕೊಂದು ಚಮಚ

ಹನ್ನೊಂದೂಕಾಲಿಗೆ ಶುರುವಾಯಿತು.
ಕೆಮ್ಮು ಅಂದುಕೊಂಡೆ. ದೀಪ ಹಾಕಿದರೆ
ದಿಂಬು, ಕೂದಲು, ಬಟ್ಟೆಮೊಲದ ಒಂದು ಕಿವಿ,
ಗೋಡೆಯ ಮೇಲೂ ಒಂದಿಷ್ಟು.
ನಡುವೆ ಯಾಗೋದಾ, ಎರಡೂ ಕೈ ಮೇಲೆತ್ತಿಕೊಂಡು,
ಹಿಡಿಯಲ್ಪಟ್ಟ ಕಳ್ಳಿಯ ಹಾಗೆ:
"ಅಪ್ಪಾ, ಅದು ಹೇಳದೇ ಬಂತು."

ಕೈಗೆ ಸಿಕ್ಕಿದ್ದು ಹಿಟ್ಟು ನಾದುವ ನೀಲಿ ಬೋಗುಣಿ.
ಕ್ರಿಸ್‌ಮಸ್ಸಿಗೆ ಮೊದಲು ಹೊಸದೊಂದು ಕೊಳ್ಳಬೇಕು,
ಗ್ರಾಝಿನಾಗೆ ಹೇಳಬಾರದು.
ಗ್ರಾಝಿನಾ ಗಡಿಯಾಚೆ, ಜರ್ಮನಿಯ ಒಂದು ಸಣ್ಣ ಊರಲ್ಲಿ
ಯಾರದೋ ತೊಂಬತ್ತು ದಾಟಿದ ತಾಯಿಗೆ
ಸೂಪು ಕುಡಿಸುತ್ತಾಳೆ, ಗದ್ದ ಒರೆಸುತ್ತಾಳೆ.
ಬರಲು ಇನ್ನೂ ಹದಿನೆಂಟು ದಿನ.

ನೀರು, ನೀರು ಎಂದಳು. ಕೊಟ್ಟೆ, ಲೋಟ ತುಂಬ.
ಒಣಗಿದ ತುಟಿಗೆ ಇಲ್ಲ ಅನ್ನುವುದು ಹೇಗೆ?
ಗಟಗಟ ಕುಡಿದಳು.
ಲೋಟ ಕೆಳಗಿಡುವಷ್ಟರಲ್ಲಿ
ಅಷ್ಟೂ ಬೋಗುಣಿಯಲ್ಲಿತ್ತು, ಇನ್ನೂ ತಣ್ಣಗೇ.

ಫೋನಿನಲ್ಲಿ ರಾತ್ರಿಪಾಳಿಯ ದಾದಿ.
ದನಿಯಲ್ಲಿ ಗಾಬರಿಯಿಲ್ಲ, ಮಮತೆಯೂ ಹೆಚ್ಚಿಲ್ಲ.
"ಮೆಡಿಕಲ್ ಅಂಗಡಿಯ ಪುಡಿ ಇದ್ದರೆ ನೀರಿಗೆ ಕರಗಿಸಿ.
ಐದು ನಿಮಿಷಕ್ಕೊಂದು ಚಮಚ. ಅತ್ತರೂ ಒಂದೇ.
ಉಚ್ಚೆ ಹೊಯ್ಯುತ್ತಾಳೋ ನೋಡುತ್ತಿರಿ.
ಬೆಳಗಾದರೂ ಹೊಯ್ಯದಿದ್ದರೆ, ಅದಕ್ಕೂ ಮೊದಲೇ ಮಂಕಾದರೆ,
ಕರೆತನ್ನಿ."

ಪುಡಿ ಇರಲಿಲ್ಲ. ಮೂರನೇ ಮಹಡಿಯ ಲುದ್ವಿಕಾಳ ಬಾಗಿಲು ತಟ್ಟಿದೆ.
ಗಂಡಸರ ಕೋಟು ಹೊದ್ದು ಬಂದಳು, ಎರಡು ಪೊಟ್ಟಣ ಕೊಟ್ಟಳು,
ಜೊತೆಗೆ ಒಣಗಿಸಿದ ಕಾಡುಹಣ್ಣಿನ ಒಂದು ಸೀಸೆ:
"ನಾಳೆ ಕುದಿಸಿ ಕೊಡು, ಹೊಟ್ಟೆ ಕಟ್ಟುತ್ತದೆ.
ಅವಳ ಹೆಸರಿನ ಹಣ್ಣೇ ಅಲ್ಲವೇ ಅದು,
ಅವಳ ಮಾತು ಕೇಳದೇ ಇರುತ್ತದೆಯೇ?"

ಇಪ್ಪತ್ತೊಂದು ವರ್ಷದಿಂದ ವೂಚ್ ನಗರದಲ್ಲಿ
ಟ್ರಾಮ್ ಓಡಿಸುತ್ತಿದ್ದೇನೆ.
ನಿಮಿಷ ನನಗೆ ಗಡಿಯಾರದಲ್ಲಿಲ್ಲ, ಅಂಗಾಲಿನಲ್ಲಿದೆ.
ಎರಡು ನಿಲ್ದಾಣ, ನಡುವೆ ಒಂದು ಕೆಂಪು ದೀಪ:
ಐದು ನಿಮಿಷ. ಬಾಯಿ ತೆರೆ.

"ಈಗ ಎಲ್ಲಿದ್ದೇವೆ?"
"ಸ್ವಾತಂತ್ರ್ಯ ಚೌಕ ದಾಟಿದೆವು."
"ಯಾರು ಹತ್ತಿದರು?"
"ಈರುಳ್ಳಿ ಚೀಲದ ಒಬ್ಬಳು ಅಜ್ಜಿ."
"ಅವಳಿಗೂ ಒಂದೇ ಚಮಚವಾ?"
"ಟಿಕೆಟ್ ಇದ್ದವರಿಗೆಲ್ಲ ಒಂದೇ."

ಎರಡು ಗಂಟೆಗೆ ಹಳಿ ತಪ್ಪಿತು.
ಒಂಬತ್ತು ಚಮಚ, ಅಷ್ಟೂ ಹಿಂದಕ್ಕೆ, ಜೊತೆಗೆ ಹಸಿರು ಪಿತ್ತ.
"ನೀನು ಕೆಟ್ಟ ಡ್ರೈವರ್" ಎಂದಳು, ಅಳಲಿಕ್ಕೂ ತ್ರಾಣವಿಲ್ಲದೆ.
ಬೆನ್ನ ಮೇಲೆ ಅಂಗೈ ಇಟ್ಟೆ.
ಇಷ್ಟು ತೆಳ್ಳಗಿದ್ದಳೇ ಇವಳು, ಬೆಳಿಗ್ಗೆ ಶಾಲೆಗೆ ಹೋಗುವಾಗ?
ಸ್ವಲ್ಪ ಹೊತ್ತು ಹಾಗೇ ಇದ್ದು
ಡಿಪೋದಿಂದ ಮತ್ತೆ ಹೊರಟೆವು.

ಅವಳು ಕಣ್ಣು ಮುಚ್ಚಿದಾಗೆಲ್ಲ
ಬ್ಲೀಚು ನೀರಿನಿಂದ ನೆಲ ಒರೆಸಿದೆ, ಬಾಗಿಲ ಹಿಡಿ ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.
ವಾಷಿಂಗ್ ಮೆಷಿನ್ನಿನ ಗಾಜಿಗೆ ಮೊಲ ಬಂದು ಬಡಿಯುತ್ತಿತ್ತು,
ಒಂದು ಕಣ್ಣಲ್ಲಿ ನನ್ನನ್ನು ನೋಡಿ ಹೋಗುತ್ತಿತ್ತು.
ಮಂಕಾಗುವುದು ಎಂದರೆ ಹೇಗಿರುತ್ತದೆ?
ನಿದ್ದೆಗೂ ಅದಕ್ಕೂ ವ್ಯತ್ಯಾಸ ಕೇಳಿಕೊಳ್ಳಲಿಲ್ಲ ನಾನು.
"ಯಾಗೋದಾ."
"ಹೂಂ."
"ಏನಿಲ್ಲ. ನಿಲ್ದಾಣ ಬಂತು."

ನಾಲ್ಕೂ ಇಪ್ಪತ್ತಕ್ಕೆ ಕೆಳಗೆ ಮೊದಲ ಟ್ರಾಮ್ ಹೋಯಿತು,
ಬೇರೆ ಯಾರೋ ಓಡಿಸುತ್ತಿದ್ದರು.
ಕಿಟಕಿ ನಡುಗಿತು, ಲೋಟದಲ್ಲಿ ಚಮಚ ಕಿಣಿಕಿಣಿ ಅಂದಿತು.
ಯಾಗೋದಾ ಎದ್ದು ಕೂತಳು.
ಗೋಡೆ ಹಿಡಿದುಕೊಂಡು ತಾನೇ ನಡೆದಳು.
ಬಚ್ಚಲ ಬಾಗಿಲ ಹೊರಗೆ ನಾನು, ಉಸಿರು ಬಿಗಿಹಿಡಿದು,
ಕಿವಿಯಷ್ಟೇ ಆಗಿ.

ಮೊದಲು ಏನೂ ಇಲ್ಲ.
ಆಮೇಲೆ, ಸಣ್ಣಗೆ, ತಡೆದು ತಡೆದು,
ಆಮೇಲೆ ಧಾರೆ.

ಆ ಸದ್ದಿಗೆ ಬಾಗಿಲಿಗೆ ಹಣೆ ಒತ್ತಿ ನಿಂತೆ.
"ಯಾಕೆ ಅಲ್ಲಿ ನಿಂತಿದ್ದೀಯ?" ಎಂದಳು ಒಳಗಿಂದ,
ನಾಚಿಕೆಯಿಂದ, ಸಿಟ್ಟಿನಿಂದ.
ಸಿಟ್ಟು ಬಂದಿದೆ! ಅಡುಗೆಮನೆಗೆ ಓಡಿದೆ,
ಬಿಸ್ಕತ್ತು ಇದೆಯಾ, ಅಕ್ಕಿ ಇದೆಯಾ ಎಂದು ಡಬ್ಬ ತೆರೆಯುತ್ತಾ.

ಎರಡನೇ ಡಬ್ಬದ ಹೊತ್ತಿಗೆ
ನನ್ನ ಹೊಟ್ಟೆಯೊಳಗೆ ಏನೋ ಮೆಲ್ಲಗೆ ಹೊರಳಿತು.
ಬಾಯಲ್ಲಿ ನೀರೂರಿತು. ಹಿಂದಿರುಗಿ ನೋಡಿದೆ,
ನೀಲಿ ಬೋಗುಣಿ ಎಲ್ಲಿ?
ಯಾಗೋದಾ ಅದನ್ನು ಎರಡೂ ಕೈಯಲ್ಲಿ ಹಿಡಿದು
ಹೊಸ್ತಿಲಲ್ಲಿ ನಿಂತಿದ್ದಳು.